ಟೈಟರ್ ಪರೀಕ್ಷೆ ಮಾಡಿಸಿದರೆ ನಾಯಿಗೆ ವರ್ಷವರ್ಷದ ಇಂಜೆಕ್ಷನ್ ಬಿಡಬಹುದಾ?

ಪ್ರಶ್ನೆ (ಗೋಣಿಕೊಪ್ಪ): ಡಾಕ್ಟ್ರೇ, ನಮಸ್ಕಾರ. ನಮ್ಮ ಲ್ಯಾಬ್ರಡಾರ್‌ಗೆ ಐದು ವರ್ಷ. ಪ್ರತಿವರ್ಷ ಮಳೆಗೆ ಮೊದಲು ನೈನ್ ಇನ್ ಒನ್ (ಹಲವು ರೋಗಕ್ಕೆ ಒಟ್ಟಿಗೆ ಕೊಡೋ ಲಸಿಕೆ), ಜೊತೆಗೆ ರೇಬೀಸ್ ಹಾಕಿಸ್ತೇವೆ. ಹೋದ ಸಲ ಚುಚ್ಚಿದ ಅರ್ಧ ಗಂಟೆಗೆ ಮುಖ ಊದಿಕೊಂಡಿತು. ಈ ಸಲ ರಕ್ತ ಪರೀಕ್ಷೆ ಮಾಡಿಸಿ, ಪ್ರತಿಕಾಯ ಇದ್ದರೆ ಬೂಸ್ಟರ್ ಬಿಡಬಹುದಾ?

ಉತ್ತರ (ಪಶುವೈದ್ಯರು, ಮಡಿಕೇರಿ): ಅರ್ಧ ಬಿಡಬಹುದು. ನಮ್ಮ ಜಿಲ್ಲೆಗೆ ಹೆಚ್ಚು ಬೇಕಾದ ಇನ್ನರ್ಧ ಬಿಡೋ ಹಾಗಿಲ್ಲ.

ಟೈಟರ್ ಅಂದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ. ಅದಕ್ಕೆ ಅರ್ಥ ಇರೋದು ಮೂರೇ ವೈರಸ್‌ಗೆ: ಡಿಸ್ಟೆಂಪರ್, ಪಾರ್ವೊ, ಮತ್ತು ಲಿವರ್ ಹಿಡಿಯೋ ಅಡಿನೊವೈರಸ್. ಈ ಮೂರರಲ್ಲಿ ರಕ್ತದಲ್ಲಿ ಪ್ರತಿಕಾಯ ಕಂಡರೆ ನಾಯಿಗೆ ರಕ್ಷಣೆ ಇದೆ ಎಂದೇ ಲೆಕ್ಕ. ಇಲಿಜ್ವರ, ಅಂದರೆ ಲೆಪ್ಟೊ, ಹಾಗಲ್ಲ. ಲಸಿಕೆಯಿಂದ ಬಂದ ಪ್ರತಿಕಾಯ ಕೆಲವೇ ತಿಂಗಳಲ್ಲಿ ಇಳಿಯುತ್ತೆ, ಇಳಿದ ಮಾತ್ರಕ್ಕೆ ರಕ್ಷಣೆ ಹೋಯಿತು ಅಂತಲೂ ಅಲ್ಲ. ಹಾಗಾಗಿ ಆ ಅಂಕಿ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ. ಲೆಪ್ಟೊ ಲಸಿಕೆಯ ರಕ್ಷಣೆ ಸುಮಾರು ಒಂದು ವರ್ಷದ್ದು, ಆದ್ದರಿಂದ ವರ್ಷಕ್ಕೊಮ್ಮೆ ಬೇಕೇ ಬೇಕು. ಗದ್ದೆ ನೀರು, ಲೈನ್ ಮನೆ, ಇಲಿ ಓಡಾಡುವ ಗೋಡೌನ್ ಎಲ್ಲ ಸುತ್ತಿ ಬರೋ ತೋಟದ ನಾಯಿಗೆ ಇದರಲ್ಲಿ ರಿಯಾಯಿತಿ ಇಲ್ಲ. ರೇಬೀಸ್‌ದೂ ಅಷ್ಟೇ. ಟೈಟರ್ ರಿಪೋರ್ಟ್ ಲಸಿಕೆ ಕಾರ್ಡಿಗೆ ಬದಲಿ ಆಗಲ್ಲ. ನಾಳೆ ನಾಯಿ ಯಾರನ್ನಾದರೂ ಕಚ್ಚಿದರೆ ಎಲ್ಲರೂ ಕೇಳೋದು ಕಾರ್ಡನ್ನೇ.

ಈಗ ನಿಮ್ಮ ನಾಯಿಯ ವಿಷಯ. ನೈನ್ ಇನ್ ಒನ್‌ನಲ್ಲಿ ಎರಡು ಪುಟ್ಟ ಬಾಟಲಿ ಇರುತ್ತೆ. ಒಂದರ ತಳದಲ್ಲಿ ಬಿಳಿ ಒಣ ಗಟ್ಟಿ: ಅದು ವೈರಸ್‌ಗಳದ್ದು. ಇನ್ನೊಂದು ದ್ರವ: ಸಾಮಾನ್ಯವಾಗಿ ಅದೇ ಲೆಪ್ಟೊ ಲಸಿಕೆ, ಅದರಲ್ಲೇ ಒಣ ಗಟ್ಟಿಯನ್ನು ಕರಗಿಸಿ ಚುಚ್ಚೋದು. ಟೈಟರ್ ಮೂರಕ್ಕೂ ಪಾಸಿಟಿವ್ ಬಂದರೆ ಒಣ ಬಾಟಲಿ ಬಿಟ್ಟು ಲೆಪ್ಟೊ ಮಾತ್ರ ಕೊಡಬಹುದು. ಎಲ್ಲ ಕಂಪನಿಯವರೂ ಲೆಪ್ಟೊ ಬಿಡಿಯಾಗಿ ಮಾರಲ್ಲ, ಮೊದಲೇ ಹೇಳಿ ತರಿಸಬೇಕು. ಮುಖ ಊದಿದ್ದು ಯಾವುದರಿಂದ ಅಂತ ಟೈಟರ್ ಹೇಳಲ್ಲ, ಲೆಪ್ಟೊದಿಂದಲೇ ಆಗಿರಲೂಬಹುದು. ಅದಕ್ಕೇ ಲೆಪ್ಟೊ ಒಂದು ದಿನ, ರೇಬೀಸ್ ಮೂರು-ನಾಲ್ಕು ವಾರ ಬಿಟ್ಟು. ಬೆಳಗ್ಗೆಯೇ ಹೋಗಿ, ಹಿಂದಿನ ಊತದ ವಿಷಯ ಸೂಜಿ ತೆಗೆಯೋ ಮೊದಲೇ ಹೇಳಿ, ಚುಚ್ಚಿದ ಮೇಲೆ ಒಂದು ಗಂಟೆ ಕ್ಲಿನಿಕ್ಕಿನಲ್ಲೇ ಕೂರಿ. ವಾಂತಿ, ವಸಡು ಬಿಳಿಚೋದು, ಕುಸಿಯೋದು ಆಗಿದ್ದರೆ ಲೆಕ್ಕವೇ ಬೇರೆ, ಅದನ್ನು ಮುಚ್ಚಿಡಬೇಡಿ.

ಇನ್ನೊಂದು ಮಾತು. ಮರಿಯಲ್ಲಿ ಸರಿಯಾಗಿ ಕೋರ್ಸ್ ಆದ ನಾಯಿಗೆ ಆ ಮೂರು ವೈರಸ್‌ನ ಲಸಿಕೆ ಪ್ರತಿವರ್ಷ ಬೇಕಿಲ್ಲ. ಮೂರು ವರ್ಷಕ್ಕಿಂತ ಬೇಗ ಕೊಡಬೇಡಿ ಅಂತಲೇ ಡಬ್ಲ್ಯುಎಸ್‌ಎವಿಎ (ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘ) ಮಾರ್ಗಸೂಚಿ ಇರೋದು. ತೊಂದರೆ ಇಲ್ಲದ ನಾಯಿಗೆ ವರ್ಷವರ್ಷ ಟೈಟರ್ ಮಾಡಿಸೋದು ನನ್ನ ಪ್ರಕಾರ ದಂಡದ ಖರ್ಚು.

ಪ್ರಶ್ನೆ (ಸೋಮವಾರಪೇಟೆ): ಮೂರು ತಿಂಗಳ ಮರಿ, ಎರಡು ಇಂಜೆಕ್ಷನ್ ಆಗಿದೆ. ಈಗಲೇ ಟೈಟರ್ ನೋಡಿದರೆ ಮೂರನೆಯದು ಉಳಿಯುತ್ತಾ ಸರ್?

ಉತ್ತರ (ಅದೇ ವೈದ್ಯರು): ಉಳಿಯಲ್ಲ. ಈಗ ಕಾಣೋದು ತಾಯಿ ಹಾಲಿನಿಂದ ಬಂದ ಪ್ರತಿಕಾಯ ಇರಬಹುದು. ಅದು ಪರೀಕ್ಷೆಯಲ್ಲಿ ಪಾಸಿಟಿವ್ ತೋರಿಸಿ, ಆಮೇಲೆ ಕರಗಿ ಹೋಗುತ್ತೆ, ಮರಿ ಬರಿಗೈಲಿ ನಿಲ್ಲುತ್ತೆ. 16 ವಾರ ತುಂಬಿದ ಮೇಲೆ ಒಂದು ಡೋಸ್ ಆಗಲೇಬೇಕು. ಅದಾಗಿ ಕನಿಷ್ಠ 4 ವಾರಕ್ಕೆ, ಅಂದರೆ 20 ವಾರದ ನಂತರ ರಕ್ತ ತೆಗೆಯಿರಿ. ಟೈಟರ್‌ಗೆ ಕೊಡೋ ದುಡ್ಡು ನಿಜವಾಗಿ ಸಾರ್ಥಕ ಆಗೋದು ಇಲ್ಲೇ. ನೆಗೆಟಿವ್ ಬಂದರೆ ಮತ್ತೊಂದು ಡೋಸ್, ನಾಲ್ಕು ವಾರಕ್ಕೆ ಮರುಪರೀಕ್ಷೆ. ಪರೀಕ್ಷೆ ಬೇಡ ಅನ್ನೋರು ಮರಿಗೆ ಆರು ತಿಂಗಳು ತುಂಬಿದಾಗ ಇನ್ನೊಂದು ಡೋಸ್ ಹಾಕಿಸಿ, ಸಾಕು.

ಪ್ರಶ್ನೆ (ವಿರಾಜಪೇಟೆ): ನಮ್ಮ ನಾಯಿಗೆ ಕಳೆದ ವರ್ಷ ಪಾಸಿಟಿವ್, ಈ ಕಕ್ಕಡದಲ್ಲಿ (ಕೊಡಗಿನ ಜೋರು ಮಳೆ ತಿಂಗಳು) ಅದೇ ಕ್ಲಿನಿಕ್ಕಿನಲ್ಲಿ ಮೂರೂ ನೆಗೆಟಿವ್. ಹೀಗಾಗುತ್ತಾ?

ಉತ್ತರ (ಲ್ಯಾಬ್ ಟೆಕ್ನೀಷಿಯನ್, ಕುಶಾಲನಗರ): ಮೂರೂ ಒಟ್ಟಿಗೆ ಬಿದ್ದರೆ ನಾಯಿಗಿಂತ ಮೊದಲು ಕಿಟ್ ಮೇಲೆ ಅನುಮಾನ ಪಡಿ. ಕ್ಲಿನಿಕ್ಕಿನಲ್ಲೇ ಟೈಟರ್ ನೋಡೋ ವ್ಯಾಕ್ಸಿಚೆಕ್ ತರಹದ ಕಿಟ್ಟಿನಲ್ಲಿ ಇರೋದು ಬಾಚಣಿಗೆ ಆಕಾರದ ಕಡ್ಡಿ. ಒಂದೊಂದು ಗುಂಡಿಯಲ್ಲಿ ಕೆಲವು ನಿಮಿಷ ಅದ್ದುತ್ತಾ ಹೋದರೆ ಸುಮಾರು 20–25 ನಿಮಿಷಕ್ಕೆ ಬೂದು ಚುಕ್ಕೆ ಮೂಡುತ್ತೆ. ಹೋಲಿಕೆಗೆ ಅಂತ ಮೇಲೆ ಇರೋ ಕಂಟ್ರೋಲ್ ಚುಕ್ಕೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಪಾಸಿಟಿವ್. ಕಿಟ್ ಇಡೋದು ಫ್ರಿಜ್ಜಿನಲ್ಲಿ, ಆದರೆ ಬಳಸೋ ಮೊದಲು ಕೋಣೆಯ ಬಿಸಿಗೆ, 20–25 ಡಿಗ್ರಿಗೆ ಬರಬೇಕು. ಕಕ್ಕಡದಲ್ಲಿ ನಮ್ಮ ಕೋಣೆಗಳೇ ಅದಕ್ಕಿಂತ ತಣ್ಣಗಿರುತ್ತವೆ! ತಣ್ಣಗಿದ್ದರೆ ಬಣ್ಣ ಪೂರ್ತಿ ಏರಲ್ಲ. ಕಂಟ್ರೋಲ್ ಚುಕ್ಕೆಯೇ ಮಸುಕಾಗಿದ್ದರೆ ಆ ಫಲಿತಾಂಶ ಲೆಕ್ಕಕ್ಕಿಲ್ಲ. ಫೋಟೊ ತೆಗೆದಿದ್ದರೆ ನೋಡಿ.

ಹೊರಗಿನ ಲ್ಯಾಬಿಗೆ ಕಳಿಸೋದಾದರೆ 2 ಮಿಲಿ ರಕ್ತ, ಕೆಂಪು ಮುಚ್ಚಳದ ಟ್ಯೂಬ್. ಅಲುಗಾಡಿಸದೆ ಅರ್ಧ ಗಂಟೆ ನಿಲ್ಲಿಸಿ ಹೆಪ್ಪುಗಟ್ಟಿಸಿ, ಸೆಂಟ್ರಿಫ್ಯೂಜ್ ಮಾಡಿ ಸೀರಂ ಬೇರೆ ಟ್ಯೂಬಿಗೆ ತೆಗೆದು ಐಸ್ ಪ್ಯಾಕ್ ಜೊತೆ ಕಳಿಸಿ. ರಕ್ತವನ್ನೇ ಹಾಗೆ ಬಸ್ಸಿಗೆ ಹಾಕಿದರೆ ಘಾಟಿ ಇಳಿಯೋಷ್ಟರಲ್ಲಿ ಕಣ ಒಡೆದು ಸೀರಂ ಕೆಂಪಾಗಿರುತ್ತೆ.

ಉತ್ತರ (ಪಶುವೈದ್ಯರು): ಮರುಪರೀಕ್ಷೆಯಲ್ಲೂ ನೆಗೆಟಿವ್ ಬಂದರೆ ಗಾಬರಿ ಬೇಡ. ರೋಗಾಣುವನ್ನು ನೆನಪಿಟ್ಟುಕೊಳ್ಳೋ ದೇಹದ ಕಣಗಳನ್ನು ಈ ಪರೀಕ್ಷೆ ನೋಡಲ್ಲ. ಒಂದು ಡೋಸ್ ಹಾಕಿಸಿಬಿಡಿ.

ಪ್ರಶ್ನೆ (ಪೊನ್ನಂಪೇಟೆ): ಮಗಳು ಜರ್ಮನಿಗೆ ನಾಯಿ ಕರ್ಕೊಂಡು ಹೋಗ್ತಾಳೆ, ಟೈಟರ್ ಕೇಳಿದ್ದಾರೆ. ಬೆಕ್ಕಿಗೂ ಇದೆಯಾ?

ಉತ್ತರ (ಪಶುವೈದ್ಯರು): ಅದು ರೇಬೀಸ್ ಟೈಟರ್, ಈ ಕಿಟ್ಟಿನದ್ದಲ್ಲ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತ. ಐರೋಪ್ಯ ಒಕ್ಕೂಟ ಒಪ್ಪಿದ ಲ್ಯಾಬಿನಲ್ಲೇ ಆಗಬೇಕು, ಪ್ರತಿಕಾಯ ಮಿಲಿಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಅಳತೆಯ ಯೂನಿಟ್) ಇರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಚಿಪ್‌ಗಿಂತ ಮೊದಲು ಹಾಕಿದ ಲಸಿಕೆ ಲೆಕ್ಕಕ್ಕೆ ಬರಲ್ಲ. ಟಿಕೆಟ್ ಆಮೇಲೆ ಮಾಡಿಸಿ. ಬೆಕ್ಕಿಗೂ ಪ್ರಯಾಣದ ಈ ನಿಯಮವೇ. ಬೂಸ್ಟರ್ ಬದಲಿಗೆ ಅಂದರೆ ಬೆಕ್ಕಿನಲ್ಲಿ ಪ್ಯಾನ್‌ಲ್ಯೂಕೊಪೀನಿಯಾ (ಪಾರ್ವೊ ತರಹದ ವೈರಸ್ ರೋಗ) ಒಂದಕ್ಕೇ ಟೈಟರ್ ನಂಬಬಹುದು, ಶೀತ ತರೋ ಹರ್ಪಿಸ್, ಕ್ಯಾಲಿಸಿಗೆ ಪ್ರಯೋಜನ ಇಲ್ಲ.