ಸಿಬಿಲ್ ಸ್ಕೋರ್ ಕಡಿಮೆ ಇದ್ದೂ ಹೋಮ್ ಲೋನ್ ಬೇರೆ ಬ್ಯಾಂಕಿಗೆ ಬದಲಾಯಿಸಿದವರು ಇದ್ದೀರಾ?

ಪ್ರಶ್ನೆ: ನಮಸ್ಕಾರ. ತುಮಕೂರಿನಲ್ಲಿ ಮನೆ ಕಟ್ಟಲು ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದ್ದೇವೆ. ಇನ್ನೂ 30 ಲಕ್ಷ ಬಾಕಿ, 15 ವರ್ಷ ಇದೆ. ಬಡ್ಡಿ ಶೇ. 10.5, ಫ್ಲೋಟಿಂಗ್ (ಆಗಾಗ ಏರಿಳಿಯುವ ಬಡ್ಡಿ). ಕೊರೊನಾದಲ್ಲಿ ಯಜಮಾನರ ಅಂಗಡಿ ಮುಚ್ಚಿ, ಕ್ರೆಡಿಟ್ ಕಾರ್ಡ್ ಬಾಕಿಯನ್ನು ಸೆಟಲ್‌ಮೆಂಟ್ ಮಾಡಿಕೊಂಡಿದ್ದೆವು. ಈಗ ಕಂತು ತಪ್ಪುತ್ತಿಲ್ಲ, ಆದರೂ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ಕಟ್ಟಿದ್ದೇವಾ ಎಂದು ತೋರಿಸುವ ಅಂಕ) 640. ಕಡಿಮೆ ಬಡ್ಡಿಗೆ ಬ್ಯಾಂಕಿಗೆ ಹೋಗಲು ಆಗುತ್ತಾ?

ಉತ್ತರ: ಆಗುತ್ತೆ ಮೇಡಂ, ಆದರೆ ಇವತ್ತೇ ಅರ್ಜಿ ಹಾಕಬೇಡಿ. ನಮ್ಮದೂ ಹೆಚ್ಚುಕಮ್ಮಿ ಇದೇ ಕಥೆ. ಮೊದಲು ನಿಮ್ಮ ಸಾಲಗಳ ಪೂರ್ತಿ ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ, ಸಾಲದ ದಾಖಲೆ ಇಡುವ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ನಿಮ್ಮ ಕಾರ್ಡ್ ಮುಂದೆ 'ಸೆಟಲ್ಡ್' ಅಂತ ಇರುತ್ತದೆ. ಬ್ಯಾಂಕಿನವರ ಕಣ್ಣಿಗೆ ಅದು ಅರ್ಧ ಕಟ್ಟಿ ಬಿಟ್ಟ ಸಾಲ. ಬರೀ ಸ್ಕೋರ್ ನೋಡಿ ಯಾರೂ ನಿರ್ಧಾರ ಮಾಡುವುದಿಲ್ಲ, ಈ ಒಂದು ಪದಕ್ಕೇ ಎಷ್ಟೋ ಫೈಲು ವಾಪಸ್ ಬರುತ್ತವೆ.

ನಾವು ಕಾರ್ಡ್ ಕೊಟ್ಟ ಬ್ಯಾಂಕಿಗೆ ಪತ್ರ ಬರೆದು, ಅವರು ಬಿಟ್ಟಿದ್ದ ಮೊತ್ತವನ್ನು ಕಟ್ಟಿದೆವು. ಬಾಕಿ ಇಲ್ಲ ಎಂಬ ಪತ್ರ ಪಡೆದು, ರಿಪೋರ್ಟಿನಲ್ಲಿ 'ಕ್ಲೋಸ್ಡ್' ಮಾಡಿಸಿದೆವು. ಹಣ ಕಟ್ಟುವ ಮೊದಲೇ 'ಕ್ಲೋಸ್ಡ್ ಮಾಡಿಕೊಡುತ್ತೇವೆ' ಎಂದು ಬರಹದಲ್ಲಿ ತೆಗೆದುಕೊಳ್ಳಿ, ಬಾಯಿಮಾತು ನಂಬಬೇಡಿ. ರಿಪೋರ್ಟಿನಲ್ಲಿ ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ಆರ್‌ಬಿಐ ನಿಯಮ 2024ರಿಂದ ಜಾರಿಯಲ್ಲಿದೆ.

ದುಡ್ಡು ಕೊಟ್ಟರೆ ಸ್ಕೋರ್ ಏರಿಸುತ್ತೇವೆ ಎನ್ನುವ ಏಜೆಂಟರ ಹತ್ತಿರ ಹೋಗಲೇಬೇಡಿ. ನಿಜವಾಗಿ ಇರುವ ದಾಖಲೆಯನ್ನು ಯಾರೂ ಅಳಿಸಲಾರರು. ಕಷ್ಟದಲ್ಲಿರುವವರಿಂದಲೇ ಹೀಗೆ ದುಡ್ಡು ಕೀಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರು: ಅಕ್ಕ, ಮೊದಲು ಈಗಿರುವ ಕಂಪನಿಯಲ್ಲೇ ಬಡ್ಡಿ ಇಳಿಸಲು ಕೇಳಿ. ಕನ್ವರ್ಷನ್ (ಬಡ್ಡಿ ದರ ಬದಲಿಸುವ) ಶುಲ್ಕ ಕಟ್ಟಿಸಿಕೊಂಡು ಇಳಿಸುವವರು ಇದ್ದಾರೆ. ನಿಮ್ಮ ಲೆಕ್ಕದಲ್ಲಿ ಶೇ. 1 ಇಳಿದರೂ ಕಂತು ತಿಂಗಳಿಗೆ ಸುಮಾರು 1,800 ರೂಪಾಯಿ ಕಡಿಮೆಯಾಗುತ್ತದೆ. ಅವರು ಒಪ್ಪದಿದ್ದರೆ ಮಾತ್ರ ಹೊರಗೆ ನೋಡಿ. ಆಗಲೂ ಐದಾರು ಕಡೆ ಒಟ್ಟಿಗೆ ಅರ್ಜಿ ಹಾಕಬೇಡಿ, ಪ್ರತಿ ಬ್ಯಾಂಕು ನಿಮ್ಮ ದಾಖಲೆ ಕೇಳಿದ್ದೂ ರಿಪೋರ್ಟಿನಲ್ಲಿ ಕಾಣುತ್ತದೆ.

ಮತ್ತೊಬ್ಬರು (ಸಾಲದ ವಿಭಾಗದಲ್ಲಿ ಕೆಲಸ ಮಾಡಿದವರು): ನಿಮ್ಮದು ಫ್ಲೋಟಿಂಗ್ ಆದ್ದರಿಂದ ಮುಂಚೆ ತೀರಿಸಿದರೆ ದಂಡ ಇಲ್ಲ. ಹಾಗಂತ ಖರ್ಚೇ ಇಲ್ಲ ಅಂದುಕೊಳ್ಳಬೇಡಿ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ಮನೆ ಬೆಲೆ ಕಟ್ಟಿಸುವುದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಸ ಅಡಮಾನದ ನೋಂದಣಿ ಎಲ್ಲ ಸೇರಿಸಿ. ಆ ಮೊತ್ತವನ್ನು ತಿಂಗಳ ಉಳಿತಾಯದಿಂದ ಭಾಗಿಸಿದರೆ ಎಷ್ಟು ತಿಂಗಳಿಗೆ ಲಾಭ ಶುರು ಅಂತ ಗೊತ್ತಾಗುತ್ತದೆ. ಇ.ಸಿ. (ಋಣಭಾರ ಪ್ರಮಾಣಪತ್ರ), ಮನೆಯ ಖಾತೆ ಪತ್ರ, ತೆರಿಗೆ ರಸೀದಿ ಈಗಲೇ ಜೋಡಿಸಿಡಿ. ಟಾಪ್‌ಅಪ್ ಲೋನ್ (ಇದರ ಮೇಲೆ ಹೆಚ್ಚುವರಿ ಸಾಲ) ಕೊಡುತ್ತೇವೆ ಅಂತಾರೆ, ಅಗತ್ಯ ಇಲ್ಲದಿದ್ದರೆ ಬೇಡ ಅನ್ನಿ. ಹಳೆ ಸಾಲ ಪೂರ್ತಿ ತೀರಿದ ಮೇಲೆ ಹಳೆ ಕಂಪನಿಯವರು ಮನೆಯ ಮೂಲ ಪತ್ರಗಳನ್ನು 30 ದಿನದೊಳಗೆ ಕೊಡಲೇಬೇಕು. ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಮಗಳಿಗೆ ಕೆಲಸ ಇದೆ, ಸ್ಕೋರೂ ಚೆನ್ನಾಗಿದೆ. ಅವಳನ್ನು ಸೇರಿಸಬಹುದಾ?

ಮೊದಲು ಉತ್ತರಿಸಿದವರು: ಕೇಳಿ ನೋಡಿ, ಅವಳ ಆದಾಯ ಸೇರಿದರೆ ಅನುಕೂಲ. ಆದರೆ ಮನೆ ನಿಮ್ಮ ಹೆಸರಲ್ಲಿದ್ದರೆ ನಿಮ್ಮ ರಿಪೋರ್ಟನ್ನೂ ನೋಡಿಯೇ ನೋಡುತ್ತಾರೆ. ಮುಂದೆ ಕಂತು ತಪ್ಪಿದರೆ ಅವಳ ಸ್ಕೋರೂ ಬೀಳುತ್ತೆ, ನಾಳೆ ಅವಳು ಸ್ವಂತಕ್ಕೆ ಸಾಲ ಕೇಳಿದಾಗ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸಹಿ ಹಾಕಿಸುವ ಮುಂಚೆ ಇದನ್ನೆಲ್ಲ ಅವಳಿಗೆ ಹೇಳಿ.