ಮಣ್ಣಿನ ಉಷ್ಣಾಂಶ ಮಧ್ಯಾಹ್ನ 8 ಡಿಗ್ರಿ ಹೆಚ್ಚು ತೋರಿಸುತ್ತಿದೆ, ಸಂವೇದಕ ಎರಡು ಬಾರಿ ಬದಲಾಯಿಸಿದರೂ ಅದೇ ಪಾಡು

ಚಕಮಕಿಗುಡ್ಡ (ಏಪ್ರಿಲ್ 12)
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಟ್ಟುಹೋಗಿದೆ. ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ 5 ಸೆಂ.ಮೀ. ಆಳಕ್ಕೆ ಡಿಎಸ್18ಬಿ20 ಎಂಬ ಎರಡು ಉಷ್ಣಾಂಶ ಸಂವೇದಕಗಳನ್ನು ಹೂತಿದ್ದೇನೆ. ಮೂರು ವರ್ಷ ಎರಡೂ ಅರ್ಧ ಡಿಗ್ರಿ ಅಂತರದೊಳಗೆ ಓದುತ್ತಿದ್ದವು. ಈಗ ಮಧ್ಯಾಹ್ನ ಮೂರಕ್ಕೆ ಪಶ್ಚಿಮದ್ದು 14 ಎಂದರೆ ಪೂರ್ವದ್ದು 22 ಎನ್ನುತ್ತದೆ. ಸಂವೇದಕ ಎರಡು ಬಾರಿ ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಬೆಸುಗೆ ಹೊಸದಾಗಿ ಹಾಕಿದೆ. ಏನೂ ಪ್ರಯೋಜನವಾಗಿಲ್ಲ. ಮಣ್ಣಿನ ತೇವಾಂಶದ ಗೆರೆಯೂ ವಿಚಿತ್ರವಾಗಿದೆ. ದಯವಿಟ್ಟು ಸಹಾಯ ಮಾಡಿ.

ಬೆಸುಗೆಕಡ್ಡಿ (ಏಪ್ರಿಲ್ 12)
ನಕಲಿ ಚಿಪ್. ಮಾರುಕಟ್ಟೆಯಲ್ಲಿ ಅಸಲಿಗಿಂತ ನಕಲಿ ಡಿಎಸ್18ಬಿ20 ಸುಲಭವಾಗಿ ಸಿಗುತ್ತವೆ. ಚಿಪ್‌ನೊಳಗಿನ 64 ಬಿಟ್‌ಗಳ ವಿಳಾಸವನ್ನು (ಗುರುತು ಸಂಖ್ಯೆಯನ್ನು) ಓದಿ ಇಲ್ಲಿ ಹಾಕಿ, ನೋಡಿದ ಕೂಡಲೇ ಹೇಳುತ್ತೇನೆ.

ಚಕಮಕಿಗುಡ್ಡ (ಏಪ್ರಿಲ್ 12)
ಮೂರೂ ಬೇರೆ ಬೇರೆ ಕಡೆ ಕೊಂಡವು. ಪುಡಿ ಮಾಡಿದ ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ನೋಡಿದ್ದೇನೆ, ಮೂರೂ ಸೊನ್ನೆಯ ಆಸುಪಾಸಿನಲ್ಲೇ ನಿಂತವು.

ಬೆಸುಗೆಕಡ್ಡಿ (ಏಪ್ರಿಲ್ 13)
ಸೊನ್ನೆಯಲ್ಲಿ ಸರಿಯಾಗಿದ್ದು 20ರಲ್ಲಿ ತಪ್ಪುವ ನಕಲಿಗಳೂ ಇವೆ. ಅದಲ್ಲದಿದ್ದರೆ ಪುಲ್‌ಅಪ್ ರೆಸಿಸ್ಟರ್ (ಸಂವೇದಕದ ಸಂಕೇತ ತಂತಿಯನ್ನು ವಿದ್ಯುತ್ ತಂತಿಗೆ ಜೋಡಿಸುವ ರೋಧಕ). 4.7 ಕಿಲೋಓಮ್ ಹಾಕಿದ್ದೀರಾ? ತಂತಿ ಉದ್ದವಾಗಿದ್ದರೆ 2.2ಕ್ಕೆ ಇಳಿಸಿ.

ತಂತಿಜಾಲ (ಏಪ್ರಿಲ್ 13)
ಬೆಸುಗೆಕಡ್ಡಿ ಅವರೇ, ರೆಸಿಸ್ಟರ್ ಸರಿಯಿಲ್ಲದಿದ್ದರೆ ಓದೇ ಬರುವುದಿಲ್ಲ, ಇಲ್ಲವೇ ಚಿಪ್ ಶುರುವಾಗುವಾಗ ಇರುವ 85 ಎಂಬ ಅಂಕಿಯೇ ಬರುತ್ತದೆ. ದಿನವೂ ಮಧ್ಯಾಹ್ನ ನಯವಾಗಿ ಏರಿ ಸಂಜೆ ಇಳಿಯುವುದಿಲ್ಲ. ಒಂದೇ ವಾದವನ್ನು ಎಷ್ಟು ಎಳೆಯುತ್ತೀರಿ?

ಬೆಸುಗೆಕಡ್ಡಿ (ಏಪ್ರಿಲ್ 13)
ಹನ್ನೆರಡು ವರ್ಷದಿಂದ ಇವನ್ನೇ ಬೆಸೆಯುತ್ತಿದ್ದೇನೆ. ಅನುಭವದಿಂದ ಹೇಳಿದೆ.

ಚಕಮಕಿಗುಡ್ಡ (ಏಪ್ರಿಲ್ 14)
2.2 ಹಾಕಿದೆ, ವ್ಯತ್ಯಾಸವಿಲ್ಲ. ತಂತಿಗೆ ಪೆಟ್ಟಾಗಿರಲು ಸಾಧ್ಯವೇ ಇಲ್ಲ. ಸುಡುವ ಮೊದಲೇ ಪೂರ್ವದ ತಂತಿಯನ್ನು ಕೊಳವೆಯಲ್ಲಿ ಹಾಕಿ ಮುಚ್ಚಿದ್ದೆ.

ನೆಲದಾಳ (ಏಪ್ರಿಲ್ 14)
ಸುಡುವ ಮೊದಲು ಎಂದರೆ? ಏನನ್ನು ಸುಟ್ಟಿರಿ, ಯಾವಾಗ, ನೀವಿರುವ ಊರು ಯಾವುದು?

ಚಕಮಕಿಗುಡ್ಡ (ಏಪ್ರಿಲ್ 14)
ಅಮೆರಿಕದ ಕಾನ್ಸಾಸ್ ರಾಜ್ಯದ ಮ್ಯಾನ್‌ಹಟನ್ ಪಕ್ಕ, ಫ್ಲಿಂಟ್ ಹಿಲ್ಸ್. ಏಪ್ರಿಲ್ 4ರಂದು ಅನುಮತಿ ಪಡೆದು, ಅನುಭವಿಗಳನ್ನು ಜೊತೆಗಿಟ್ಟುಕೊಂಡು ಪೂರ್ವದ ಅರ್ಧ ಭಾಗದ ಹುಲ್ಲಿಗೆ ಬೆಂಕಿ ಕೊಟ್ಟೆವು. ಇಲ್ಲಿ ಮಾರ್ಚ್, ಏಪ್ರಿಲ್ ಬಂದರೆ ಎಲ್ಲರೂ ಸುಡುತ್ತಾರೆ. ಸುಡದೆ ಬಿಟ್ಟರೆ ಕೆಂಪು ಸೀಡರ್ ಮರಗಳು ಹುಲ್ಲುಗಾವಲನ್ನು ನುಂಗಿಬಿಡುತ್ತವೆ. ಅದನ್ನು ಬೇರೆಯಾಗಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಬಯಲುಸೀಮೆ (ಏಪ್ರಿಲ್ 14)
ಹಾಗಿದ್ದರೆ ಬೆಂಕಿಯ ಕಾವು ಇನ್ನೂ ನೆಲದಲ್ಲಿದೆ. ಎರಡು ವಾರ ಕಾಯಿರಿ, ಆರುತ್ತದೆ.

ನೆಲದಾಳ (ಏಪ್ರಿಲ್ 15)
ಬಯಲುಸೀಮೆ ಅವರೇ, ಹುಲ್ಲಿನ ಬೆಂಕಿ ಒಂದು ಜಾಗವನ್ನು ನಿಮಿಷಗಳಲ್ಲಿ ದಾಟಿಹೋಗುತ್ತದೆ. ಅದರ ಶಾಖ ಮೇಲೇರುತ್ತದೆಯೇ ಹೊರತು 5 ಸೆಂ.ಮೀ. ಕೆಳಗಿನ ಮಣ್ಣಿಗೆ ತಗಲುವುದು ಅತ್ಯಲ್ಪ. ಹತ್ತು ದಿನ ಉಳಿಯುವ ಮಾತೇ ಇಲ್ಲ.

ಚಕಮಕಿಗುಡ್ಡ ಅವರೇ, ನಿಮ್ಮ ಸಂವೇದಕ ಸರಿಯಾಗಿಯೇ ಇದೆ, ಬದಲಾದದ್ದು ನೆಲ. ವರ್ಷಗಟ್ಟಲೆ ಬಿದ್ದ ಒಣಹುಲ್ಲು ಮಣ್ಣಿಗೆ ಕಂಬಳಿ ಹೊದಿಸಿದಂತೆ ಇತ್ತು. ಬಿಸಿಲನ್ನು ತಡೆಯುತ್ತಿತ್ತು, ರಾತ್ರಿ ಶಾಖವನ್ನು ಹಿಡಿದಿಡುತ್ತಿತ್ತು. ಆ ಕಂಬಳಿ ಹೋಯಿತು, ಅದರ ಜಾಗಕ್ಕೆ ಕಪ್ಪು ಬೂದಿ ಬಂತು. ಕಪ್ಪು ನೆಲ ಬಿಸಿಲನ್ನು ಕುಡಿಯುತ್ತದೆ. ಹಾಗಾಗಿಯೇ ಸುಟ್ಟ ಕಡೆ ಹುಲ್ಲು ಬೇಗ ಚಿಗುರುತ್ತದೆ. ಹಸಿರು ಮುಚ್ಚಿಕೊಂಡಂತೆ ಅಂತರ ಕಡಿಮೆಯಾಗುತ್ತಾ ಬರುತ್ತದೆ.

ಪರೀಕ್ಷೆ ಸುಲಭ. ಸಂವೇದಕ ಕೆಟ್ಟಿದ್ದರೆ ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಜಾರುತ್ತದೆ. ನೆಲ ಬದಲಾಗಿದ್ದರೆ ಹಗಲು ಹೆಚ್ಚು ಬಿಸಿ, ಬೆಳಗಿನ ಜಾವ ಹೆಚ್ಚು ತಂಪು. ಬೆಳಿಗ್ಗೆ ಐದರ ಅಂಕಿ ಕೊಡಿ.

ಇನ್ನೊಂದು ಮಾತು. ನಿಮ್ಮ ಊರಿನ ಪಕ್ಕದಲ್ಲೇ ಕೊಂಜಾ ಪ್ರೇರಿ ಇದೆ. 1971ರಲ್ಲಿ ಆರಂಭವಾದ ಹುಲ್ಲುಗಾವಲು ಸಂಶೋಧನಾ ಕೇಂದ್ರ. ಅಲ್ಲಿ ಜಲಾನಯನಗಳನ್ನು ವಿಂಗಡಿಸಿ ಕೆಲವನ್ನು ವರ್ಷಕ್ಕೊಮ್ಮೆ, ಕೆಲವನ್ನು 2, 4, 20 ವರ್ಷಗಳಿಗೊಮ್ಮೆ ಸುಡುತ್ತಾರೆ. ಯಾವ ತುಂಡನ್ನು ಯಾವಾಗ ಸುಟ್ಟರು ಎಂಬ ದಾಖಲೆ ಇಲ್ಲದೆ ಅಲ್ಲಿನ ಯಾವ ಅಂಕಿಯನ್ನೂ ಓದುವಂತಿಲ್ಲ. ನೀವು ಮೊದಲ ಸಂದೇಶದಲ್ಲಿ ಬಿಟ್ಟದ್ದು ಆ ದಿನಾಂಕವನ್ನೇ.

ಚಕಮಕಿಗುಡ್ಡ (ಏಪ್ರಿಲ್ 15)
ಬೆಳಿಗ್ಗೆ ಐದಕ್ಕೆ ಪೂರ್ವ 7.1, ಪಶ್ಚಿಮ 9.3. ಏಪ್ರಿಲ್ 5ರಿಂದ ಪ್ರತಿದಿನವೂ ಹೀಗೆಯೇ ಇದೆ. ನಾನು ಮಧ್ಯಾಹ್ನದ ಅಂಕಿಯನ್ನೇ ದಿಟ್ಟಿಸುತ್ತಾ ಕುಳಿತಿದ್ದೆ. ತುಂಬಾ ಧನ್ಯವಾದಗಳು. ದಾಖಲೆಗೆ ‘ಸುಟ್ಟ ದಿನ’ ಎಂಬ ಕಾಲಂ ಸೇರಿಸಿದ್ದೇನೆ.

ಹಾಗಿದ್ದರೆ ಗಾಳಿಯ ಅಂಕಿಗಳನ್ನು ಏನು ಮಾಡಲಿ? 4ರಂದು ಪಿಎಂ 2.5 (ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳು, ಘನ ಮೀಟರ್‌ಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ) ಮುನ್ನೂರು ಮುಟ್ಟಿತು. ತಿಂಗಳ ಸರಾಸರಿ ಹಾಳಾಗಿದೆ. ಆ ದಿನವನ್ನು ಅಳಿಸಿಬಿಡಲೇ?

ಬೆಸುಗೆಕಡ್ಡಿ (ಏಪ್ರಿಲ್ 15)
ಅಳಿಸಿ. ನೀವೇ ಹಚ್ಚಿದ ಬೆಂಕಿ, ಅದು ಊರಿನ ಗಾಳಿಯಲ್ಲ.

ಗಾಳಿಲೆಕ್ಕ (ಏಪ್ರಿಲ್ 15)
ದಯವಿಟ್ಟು ಅಳಿಸಬೇಡಿ! ಆ ಹೊಗೆಯನ್ನು ಜನ ಉಸಿರಾಡಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೂಡ ಅಸಾಧಾರಣ ಘಟನೆಯ ದಿನವನ್ನು ನಿಯಮದ ಲೆಕ್ಕದಿಂದ ಬಿಡುವಾಗ ಅಂಕಿಯನ್ನು ಅಳಿಸುವುದಿಲ್ಲ, ಗುರುತು ಹಾಕಿ ಇಡುತ್ತದೆ. ನಿಮ್ಮದು ಯಾವ ಸಂವೇದಕ?

ಚಕಮಕಿಗುಡ್ಡ (ಏಪ್ರಿಲ್ 15)
ಪಿಎಂಎಸ್5003. ಎಲ್ಲರ ಬಳಿಯೂ ಅದೇ ಅಲ್ಲವೇ?

ಗಾಳಿಲೆಕ್ಕ (ಏಪ್ರಿಲ್ 16)
ಅದು ಲೇಸರ್ ಬೆಳಕು ಚದುರುವುದನ್ನು ಅಳೆದು ತೂಕವನ್ನು ಅಂದಾಜಿಸುತ್ತದೆ, ಹೊಗೆಯಲ್ಲಿ ಅಂದಾಜು ಮೇಲಕ್ಕೆ ಹೋಗುತ್ತದೆ. ಇದೇ ಸಂವೇದಕವಿರುವ ಪರ್ಪಲ್‌ಏರ್ ಎಂಬ ಗಾಳಿ ಮಾಪಕಕ್ಕಾಗಿ ಆ ಸಂಸ್ಥೆ ಕೊಟ್ಟ ತಿದ್ದುಪಡಿ ಇದು: ಓದನ್ನು 0.524ರಿಂದ ಗುಣಿಸಿ, ಗಾಳಿಯ ಸಾಪೇಕ್ಷ ತೇವಾಂಶವನ್ನು (ಶೇಕಡಾ ಲೆಕ್ಕದಲ್ಲಿ) 0.0862ರಿಂದ ಗುಣಿಸಿ ಕಳೆಯಿರಿ, 5.75 ಕೂಡಿಸಿ. ತೇವಾಂಶ 40 ಇದ್ದರೆ ನಿಮ್ಮ 300 ಸುಮಾರು 160 ಆಗುತ್ತದೆ. ಆಗಲೂ ಕೆಟ್ಟ ಗಾಳಿಯೇ. ಮೂಲ ಅಂಕಿ ಒಂದು ಕಾಲಂನಲ್ಲಿ, ತಿದ್ದಿದ್ದು ಇನ್ನೊಂದರಲ್ಲಿ ಇರಲಿ.

ತಂತಿಜಾಲ (ಏಪ್ರಿಲ್ 16)
ಈ ಸಂವೇದಕ ಎರಡು ಬಗೆಯ ಓದು ಕೊಡುತ್ತದೆ, ಒಂದು ಸಿಎಫ್ 1, ಇನ್ನೊಂದು ವಾತಾವರಣದ ಓದು. ನಿಮ್ಮ ತಿದ್ದುಪಡಿಯನ್ನು ಸಿಎಫ್ 1ಕ್ಕೆ ಮಾತ್ರ ಬಳಸಬೇಕು ಎನ್ನುವುದನ್ನು ಬಿಟ್ಟಿದ್ದೀರಿ. ವಾತಾವರಣದ ಓದಿಗೆ ಹಾಕಿದರೆ ಹೊಗೆಯಲ್ಲಿ ಎರಡೆರಡು ಬಾರಿ ಇಳಿಸಿದಂತಾಗುತ್ತದೆ.

ಗಾಳಿಲೆಕ್ಕ (ಏಪ್ರಿಲ್ 16)
ಹೌದು, ಸಿಎಫ್ 1. ಅದು ಎಲ್ಲರಿಗೂ ಗೊತ್ತಿದೆ ಎಂದುಕೊಂಡೆ.

ತಂತಿಜಾಲ (ಏಪ್ರಿಲ್ 16)
ಈ ಎಳೆ ಇಷ್ಟು ಉದ್ದವಾದದ್ದೇ ‘ಎಲ್ಲರಿಗೂ ಗೊತ್ತಿದೆ’ ಎಂಬ ಮಾತಿನಿಂದ.

ಬಂಡೀಪುರದಂಚು (ಏಪ್ರಿಲ್ 17)
ನಾನು ಗುಂಡ್ಲುಪೇಟೆ ಕಡೆಯವನು. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಸುಡುವ ದಿನಗಳಲ್ಲಿ ನಮ್ಮ ತೋಟದ ಮಾಪಕವೂ ಜಿಗಿಯುತ್ತದೆ. ನಾನು ಎರಡು ಪಿಎಂಎಸ್ ಜೋಡಿ ಇಟ್ಟು, ಅಂಕಿಗಳನ್ನು ದೂರದಿಂದ ನಿಸ್ತಂತುವಾಗಿ ಪಡೆಯಲು ಸ್ವಂತ ಲೋರಾ ಗೇಟ್‌ವೇ ಕಟ್ಟಿ, 40 ವ್ಯಾಟ್ ಸೌರಫಲಕ ಹಾಕಿದ್ದೇನೆ. ಕಳೆದ ಮಳೆಗಾಲವಿಡೀ ಒಂದು ಓದೂ ತಪ್ಪಲಿಲ್ಲ. ಬೇಕಾದವರಿಗೆ ನಕ್ಷೆ ಕೊಡುತ್ತೇನೆ.

ಬೆಸುಗೆಕಡ್ಡಿ (ಏಪ್ರಿಲ್ 17)
ಗೇಟ್‌ವೇ ಆಂಟೆನಾ ಎಷ್ಟು ಎತ್ತರದಲ್ಲಿದೆ? ನನ್ನದು 9 ಮೀಟರ್ ಕಂಬದ ಮೇಲೆ.

ನೆಲದಾಳ (ಏಪ್ರಿಲ್ 18)
ಆಂಟೆನಾಗೆ ಬೇರೆ ಎಳೆ ತೆರೆಯಿರಿ ಎಂದು ವಿನಂತಿ. ಚಕಮಕಿಗುಡ್ಡ ಅವರೇ, ಮಳೆ ಮಾಪಕದ ಆಲಿಕೆಯನ್ನು ಒಮ್ಮೆ ತೊಳೆಯಿರಿ, ಬೂದಿ ಕಟ್ಟಿಕೊಂಡರೆ ಮಳೆ ಕಡಿಮೆ ತೋರಿಸುತ್ತದೆ. ತೇವಾಂಶದ ಗೆರೆಯಲ್ಲಿ ವಿಚಿತ್ರ ಎಂದಿರಿ, ಏನದು?

ಚಕಮಕಿಗುಡ್ಡ (ಏಪ್ರಿಲ್ 18)
ಆಲಿಕೆಯಲ್ಲಿ ಕಪ್ಪು ಕೆಸರು ಇತ್ತು, ತೊಳೆದೆ. ಪೂರ್ವದ ತೇವಾಂಶ ದಿನವೂ ಮಧ್ಯಾಹ್ನ ಏರುತ್ತದೆ, ರಾತ್ರಿ ಇಳಿಯುತ್ತದೆ. ಮಳೆಯೇ ಬಂದಿಲ್ಲ. ಕೆಪಾಸಿಟಿವ್ ಸಂವೇದಕ (ಮಣ್ಣಿನ ವಿದ್ಯುತ್ ಗುಣ ಅಳೆದು ತೇವಾಂಶ ಅಂದಾಜಿಸುವಂಥದ್ದು).

ನೆಲದಾಳ (ಏಪ್ರಿಲ್ 19)
ಅಂತಹ ಸಂವೇದಕದ ಓದು ಉಷ್ಣಾಂಶದೊಂದಿಗೆ ಏರಿಳಿಯುತ್ತದೆ. ಮೊದಲು ನೆಲದ ಏರಿಳಿತ ಚಿಕ್ಕದಿತ್ತು, ದೋಷ ಕಾಣಲಿಲ್ಲ. ಅದೇ ಮಣ್ಣನ್ನು ಬಕೆಟ್‌ನಲ್ಲಿ ಹದವಾಗಿ ನೆನೆಸಿ, ಸಂವೇದಕ ಹೂತು ಮುಚ್ಚಿ, ನೀರು ಆರದಂತೆ ಒಂದು ದಿನ ಬಿಸಿಲು ನೆರಳು ಮಾಡಿ ಇಡಿ. ಡಿಗ್ರಿಗೆ ತೇವಾಂಶದ ಓದು ಎಷ್ಟು ಏರುತ್ತದೆ ಎಂದು ಬರೆದುಕೊಳ್ಳಿ. ಅಲ್ಲಿಯವರೆಗೆ ಸುಟ್ಟ ಭಾಗ ಬೇಗ ಒಣಗುತ್ತಿದೆಯೇ ಇಲ್ಲವೇ ಎಂದು ಆ ಗೆರೆ ನೋಡಿ ಹೇಳಬೇಡಿ.

ಚಕಮಕಿಗುಡ್ಡ (ಏಪ್ರಿಲ್ 19)
ಬಕೆಟ್ ತುಂಬಿಸಿ ಇಟ್ಟಿದ್ದೇನೆ. ನಾಳೆ ಸಂಜೆ ಅಂಕಿ ಹಾಕುತ್ತೇನೆ.

ಬಯಲುಸೀಮೆ (ಜೂನ್ 2)
ಬಕೆಟ್ ಪರೀಕ್ಷೆಯ ಫಲಿತಾಂಶ ಏನಾಯಿತು? ನನ್ನ ಹೊಲದಲ್ಲೂ ಇದೇ ತೊಂದರೆ.