ಸ್ಲೀವ್ ವಾಲ್ವ್: ತೋಳೋ, ಒರೆಯೋ, ಕಿಂಡಿಗೊಳವೆಯೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಇಂಗ್ಲೆಂಡಿನ ಕವೆಂಟ್ರಿಯ ಡೈಮ್ಲರ್ ಕಂಪನಿ 1926ರಲ್ಲಿ ಹೊರತಂದ ‘ಡಬಲ್ ಸಿಕ್ಸ್’ ಕಾರಿನ ಬಗ್ಗೆ ಬರೆಯುತ್ತಿದ್ದೇನೆ. ಹನ್ನೆರಡು ಸಿಲಿಂಡರು, ಏಳು ಲೀಟರಿಗೂ ಮಿಗಿಲಾದ ಎಂಜಿನ್, ದೊರೆ ಐದನೆಯ ಜಾರ್ಜ್ ಓಡಾಡಿದ ಗಾಡಿ. ಬರವಣಿಗೆ ಸಲೀಸಾಗಿ ಸಾಗಿ, ಎಂಜಿನ್ನಿನೊಳಕ್ಕೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ‘ಸ್ಲೀವ್ ವಾಲ್ವ್’ ಎಂಬ ಭಾಗಕ್ಕೆ ಕನ್ನಡದ ಹೆಸರು ಹುಡುಕುವಲ್ಲಿಗೆ ಬಂದು ನಿಂತುಬಿಟ್ಟಿದೆ.

ಮೊದಲು ‘ತೋಳು ಕವಾಟ’ ಎಂದು ಬರೆದೆ. ಓದಿದವರಿಗೆ ಅಂಗಿಯ ತೋಳು ಕಣ್ಣಿಗೆ ಬರುತ್ತದೆಯೇ ಹೊರತು ಎಂಜಿನ್ ಬರುವುದಿಲ್ಲ. ‘ಸ್ಲೀವ್’ ಎಂದೇ ಉಳಿಸೋಣವೆಂದರೆ, ಸವೆದ ಸಿಲಿಂಡರಿನೊಳಗೆ ಕೂರಿಸುವ, ಅಲುಗಾಡದ ಕೊಳವೆಗೂ ನಮ್ಮ ಗ್ಯಾರೇಜುಗಳಲ್ಲಿ ಅದೇ ಹೆಸರು.

ಸ್ಲೀವ್ ವಾಲ್ವಿನ ಕೆಲಸ ತಿಳಿಯಲು ದಪ್ಪ ಕಾಗದದಿಂದ ಎರಡು ಕೊಳವೆ ಸುತ್ತಿ, ಒಂದರೊಳಗೆ ಇನ್ನೊಂದನ್ನು ತೂರಿಸಿ, ಎರಡರ ಮೈಯಲ್ಲೂ ಕಿಂಡಿ ಕತ್ತರಿಸಿದೆ. ಕಿಂಡಿಗೆ ಕಿಂಡಿ ಕೂಡಿದಾಗ ದಾರಿ ತೆರೆಯಿತು, ತುಸು ಜಾರಿಸಿದೊಡನೆ ಮುಚ್ಚಿತು. ಆ ಎಂಜಿನ್ನಿನಲ್ಲೂ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇಂಥ ಎರಡು ಲೋಹದ ಕೊಳವೆಗಳು ಮೇಲೆ ಕೆಳಗೆ ಜಾರುತ್ತವೆ. ಒಂದು ಕಡೆಯ ಕಿಂಡಿಗಳು ಕೂಡಿದರೆ ಇಂಧನ ಬೆರೆತ ಗಾಳಿ ಒಳಕ್ಕೆ, ಇನ್ನೊಂದು ಕಡೆಯವು ಕೂಡಿದರೆ ಸುಟ್ಟ ಹೊಗೆ ಹೊರಕ್ಕೆ.

ಹಾಗಾಗಿ ನನ್ನ ತಕರಾರು ‘ತೋಳಿ’ಗಿಂತ ‘ಕವಾಟ’ದ ಮೇಲೆಯೇ ಹೆಚ್ಚು. ಹೃದಯದ ಕವಾಟ ಎಂದು ಎಲ್ಲರೂ ಒಪ್ಪಿಕೊಂಡ ಒಳ್ಳೆಯ ಪದ ಅದು. ಆದರೆ ಕವಾಟವೆಂದರೆ ಕದ. ಕದ ತೆರೆಯುತ್ತದೆ, ಮತ್ತೆ ಚೌಕಟ್ಟಿಗೆ ಬಡಿಯುತ್ತದೆ. ಸಾಮಾನ್ಯ ಎಂಜಿನ್ನಿನ ಅಣಬೆಯಾಕಾರದ ವಾಲ್ವಿಗೆ ಅದು ಚೆನ್ನಾಗಿ ಹೊಂದುತ್ತದೆ: ಮೇಲೇಳುತ್ತದೆ, ಸ್ಪ್ರಿಂಗ್ ಎಳೆದಾಗ ಟಕ್ಕನೆ ತನ್ನ ಜಾಗಕ್ಕೆ ಬಡಿಯುತ್ತದೆ. ಅಮೆರಿಕದ ಚಾರ್ಲ್ಸ್ ಯೇಲ್ ನೈಟ್ ಸಹಿಸಲಾರದೆ ಹೋದದ್ದು ಆ ಸದ್ದನ್ನೇ. ಬಡಿತವನ್ನು ತೊಲಗಿಸಲೆಂದೇ ಅವರು ಜಾರುವ ಕೊಳವೆಗಳನ್ನು ತಂದರು. 1908ರಲ್ಲಿ ಡೈಮ್ಲರ್ ಅದನ್ನು ಒಪ್ಪಿಕೊಂಡಿತು. ಬಡಿತವೇ ಇಲ್ಲದ ವಸ್ತುವಿಗೆ ಬಡಿಯುವ ಕದದ ಹೆಸರು ಹೇಗೆ ಸರಿಹೋದೀತು?

(ಅಂದ ಹಾಗೆ, ‘ನೈಟ್ ಎಂಜಿನ್’ ಎಂದು ಬರೆದರೆ ಕನ್ನಡದಲ್ಲಿ ರಾತ್ರಿಯೆಂದೇ ಓದಿಕೊಳ್ಳುತ್ತಾರೆ. ಅದಕ್ಕೇ ಷಷ್ಠಿ ವಿಭಕ್ತಿ ಹಚ್ಚಿ ‘ನೈಟರ ಎಂಜಿನ್’ ಎಂದು ಬರೆಯುತ್ತಿದ್ದೇನೆ.)

‘ಒರೆ’ಯನ್ನೂ ತೂಗಿ ನೋಡಿದೆ. ಕತ್ತಿ ಒರೆಯಲ್ಲಿ ಜಾರುವಂತೆ ಪಿಸ್ಟನ್ ಇದರೊಳಗೆ ಜಾರುತ್ತದೆ. ಉಜ್ಜುವ ಅರ್ಥವೂ ‘ಒರೆ’ಗೆ ಉಂಟು, ಈ ಕೊಳವೆಗಳೂ ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜಾಟಕ್ಕೆ ಎಣ್ಣೆ ಧಾರಾಳವಾಗಿ ಬೇಕಾಗಿ, ಕಾರಿನ ಹಿಂದೆ ನೀಲಿ ಹೊಗೆ ಏಳುತ್ತಿತ್ತು. ಆದರೆ ಒರೆಯ ತುದಿ ಮುಚ್ಚಿರುತ್ತದೆ, ಮೈಯಲ್ಲಿ ಕಿಂಡಿಯೂ ಇರುವುದಿಲ್ಲ. ಇಲ್ಲಿ ಕೆಲಸವೆಲ್ಲ ಕಿಂಡಿಯದೇ.

ಕೊನೆಗೆ ಕೈಗೆ ಸಿಕ್ಕಿದ್ದು ‘ಕಿಂಡಿಗೊಳವೆ’. ಕಿಂಡಿ, ಕೊಳವೆ ಎರಡೂ ಮನೆಮಾತು. ಮಳೆಗಾಲದಂತೆ ಕಕಾರ ಗಕಾರವಾಗುವ ಸಂಧಿಯೂ ಸಹಜ. ಇದು ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಒಂದರೊಳಗೊಂದು ಜಾರುವ ಕೊಳವೆಗಳಿಗೆ ನಿಮ್ಮ ಕಡೆಯ ಕಮ್ಮಾರರಲ್ಲೋ ಮೆಕ್ಯಾನಿಕರಲ್ಲೋ ಬೇರೆ ಹೆಸರಿದ್ದರೆ, ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ. ಕವಾಟವನ್ನು ಬಿಡಬಾರದು ಎನ್ನುವವರ ವಾದವನ್ನೂ ಕೇಳಬೇಕೆಂದಿದೆ.